ಹೈಪರ್‌ವೈಸರ್ ಕರ್ನಲ್ ಒಳಗೇ ಇದೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ವರ್ಚುವಲ್ ಮಶೀನ್ (ವಿಎಂ, ಅಂದ್ರೆ ಒಂದು ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್ ಕಟ್ಟಿಕೊಡೋ ಇನ್ನೊಂದು ಕಂಪ್ಯೂಟರ್) ಬಗ್ಗೇನೇ ಇವೆ, ಹಾಗಾಗಿ ಪೂರ್ತಿ ಅಂಕಣ ಅದಕ್ಕೇ ಕೊಟ್ಬಿಟ್ಟಿದೀವಿ. ಹೊಸಬರಿಗೆ ನಾಲ್ಕು ಮಾತು: ವಿಎಂಗಳನ್ನ ಓಡಿಸೋ ಸಾಫ್ಟ್‌ವೇರೇ ಹೈಪರ್‌ವೈಸರ್, ಅಸಲಿ ಮಶೀನ್ ಹೋಸ್ಟ್, ಅದರೊಳಗೆ ಓಡೋ ವಿಎಂ ಗೆಸ್ಟ್, ಓಎಸ್‌ನ ತಿರುಳು ಕರ್ನಲ್, ಲಿನಕ್ಸ್ ಕರ್ನಲ್ ಜೊತೆ ಬರೋ ಹೈಪರ್‌ವೈಸರ್ ಭಾಗವೇ ಕೆವಿಎಂ. ಪ್ರಿಂಟರ್ ಬಗ್ಗೆ ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ತಾಳಿ.

ಪ್ರಶ್ನೆ: ಸರ್, ನಾನು ಇಂಜಿನಿಯರಿಂಗ್ ಆರನೇ ಸೆಮ್. ಟೈಪ್-1 ಹೈಪರ್‌ವೈಸರ್ ಅಂದ್ರೆ ನೇರ ಹಾರ್ಡ್‌ವೇರ್ ಮೇಲೆ ಕೂರೋದು, ಟೈಪ್-2 ಅಂದ್ರೆ ಓಎಸ್ ಮೇಲೆ ಕೂರೋದು ಅಂತ ನೋಟ್ಸಲ್ಲಿದೆ. ಇಂಟರ್ನಲ್ಸಲ್ಲಿ ಕೆವಿಎಂ ಟೈಪ್-2 ಅಂತ ಬರೆದೆ, ಮಿಸ್ ತಪ್ಪು ಹಾಕಿದ್ರು. ಬೇರೆ ಸೆಕ್ಷನ್ನಲ್ಲಿ ಫ್ರೆಂಡು ಟೈಪ್-1 ಅಂತ ಬರೆದ, ಅವನಿಗೂ ತಪ್ಪು! ಯಾವ್ದು ಸರಿ? (ವಿದ್ಯಾರ್ಥಿ, ಹಾಸನ)

ಉತ್ತರ: ಇಬ್ರಿಗೂ ಅರ್ಧರ್ಧ ಮಾರ್ಕ್ಸ್ ಕೊಡ್ಬೇಕಿತ್ತು. ಈ ಟೈಪ್-1, ಟೈಪ್-2 ಅನ್ನೋ ವಿಂಗಡಣೆ ರಾಬರ್ಟ್ ಗೋಲ್ಡ್‌ಬರ್ಗ್ ಅನ್ನೋರು 1973ರಲ್ಲಿ ಪಿಎಚ್‌ಡಿ ಪ್ರಬಂಧದಲ್ಲಿ ಮಾಡಿದ್ದು, ಆಗ ಅವರ ಕಣ್ಮುಂದೆ ಇದ್ದಿದ್ದು ದೊಡ್ಡ ದೊಡ್ಡ ಮೇನ್‌ಫ್ರೇಮ್‌ಗಳು. ಕೆವಿಎಂ ಬಂದಿದ್ದು ಅದಾಗಿ ಮೂವತ್ತು ವರ್ಷದ ಮೇಲೆ, ಅದು ಈ ಎರಡು ಡಬ್ಬಿಯಲ್ಲಿ ಯಾವುದಕ್ಕೂ ಸರಿಯಾಗಿ ಹಿಡಿಸಲ್ಲ.

ನಡೆದಿದ್ದು ಏನಂದ್ರೆ, 2005ರ ಕೊನೇಲಿ ಇಂಟೆಲ್, 2006ರಲ್ಲಿ ಎಎಂಡಿ ತಮ್ಮ ಪ್ರೊಸೆಸರ್ ಒಳಗೇ ವರ್ಚುವಲೈಸೇಶನ್‌ಗೆ ಬೇಕಾದ ಸೌಲಭ್ಯ ಕೊಟ್ರು. ಇಸ್ರೇಲಿನ ಕುಮ್ರಾನೆಟ್ ಅನ್ನೋ ಸಣ್ಣ ಕಂಪನೀಲಿದ್ದ ಅವಿ ಕಿವಿಟಿ ಇದನ್ನ ನೋಡಿ, ಹೈಪರ್‌ವೈಸರ್ ಅಂತ ಬೇರೆ ಒಂದು ಓಎಸ್ಸೇ ಯಾಕೆ ಬರೀಬೇಕು, ಶೆಡ್ಯೂಲರ್ ಇದೆ, ಮೆಮೊರಿ ಮ್ಯಾನೇಜ್‌ಮೆಂಟ್ ಇದೆ, ಡ್ರೈವರ್‌ಗಳಿವೆ, ಎಲ್ಲಾ ಲಿನಕ್ಸಲ್ಲೇ ಇದೆಯಲ್ಲ, ಇಲ್ಲದೆ ಇರೋದನ್ನ ಮಾತ್ರ ಒಂದು ಮಾಡ್ಯೂಲಾಗಿ (ಬೇಕಾದಾಗ ಕರ್ನಲ್‌ಗೆ ಜೋಡಿಸೋ ತುಂಡು) ಸೇರಿಸಿದ್ರೆ ಸಾಕು ಅಂದ್ಕೊಂಡ್ರು. 2006ರ ಅಕ್ಟೋಬರಲ್ಲಿ ಪ್ಯಾಚ್ (ಕೋಡ್ ತಿದ್ದುಪಡಿ) ಕಳಿಸಿದ್ರು, 2007ರ ಫೆಬ್ರವರಿಗೆ 2.6.20 ಕರ್ನಲ್ ಜೊತೆ ಅದು ಹೊರಗೇ ಬಂತು. ಕರ್ನಲ್ ಲೋಕದಲ್ಲಿ ಇದು ಸಿಕ್ಕಾಪಟ್ಟೆ ಸ್ಪೀಡು. ಮರುವರ್ಷ ಲಿನಕ್ಸ್ ಕಂಪನಿ ರೆಡ್ ಹ್ಯಾಟ್ 10.7 ಕೋಟಿ ಡಾಲರ್ ಕೊಟ್ಟು ಆ ಕಂಪನಿಯನ್ನೇ ಕೊಂಡ್ಕೊಳ್ತು.

ಕೆಲಸ ಹೇಗೆ ನಡೆಯುತ್ತೆ ಅಂತ ಒಂದು ಉದಾಹರಣೆ ಹಿಡಿದು ನೋಡೋಣ. ನಿಮ್ಮ ವಿಎಂ ಒಳಗಿನ ಲಿನಕ್ಸು ಸೀರಿಯಲ್ ಪೋರ್ಟ್‌ಗೆ, ಅಂದ್ರೆ ವಿಳಾಸ 3ಎಫ್8ಕ್ಕೆ, ಒಂದು ಅಕ್ಷರ ಬರೀಬೇಕು ಅಂತಿಟ್ಕೊಳ್ಳಿ. ಅಲ್ಲಿವರೆಗೆ ಆ ಗೆಸ್ಟ್‌ನ ಕೋಡು ನೇರವಾಗಿ ಅಸಲಿ ಸಿಪಿಯು ಮೇಲೇ ಓಡ್ತಾ ಇರುತ್ತೆ, ಮಧ್ಯದಲ್ಲಿ ಯಾರೂ ಕೈ ಹಾಕ್ತಿರಲ್ಲ. ಪೋರ್ಟ್‌ಗೆ ಬರೆಯೋ ಇನ್‌ಸ್ಟ್ರಕ್ಷನ್ ಬಂದ ತಕ್ಷಣ ಸಿಪಿಯು ಗೆಸ್ಟನ್ನ ಅಲ್ಲೇ ನಿಲ್ಲಿಸಿ ಹೋಸ್ಟ್ ಕರ್ನಲ್‌ಗೆ ಜಿಗಿಯುತ್ತೆ, ಇದಕ್ಕೆ ವಿಎಂ ಎಕ್ಸಿಟ್ ಅಂತಾರೆ. ಕೆವಿಎಂ ಕಾರಣ ನೋಡುತ್ತೆ, ‘ಓ, ಇದು ಡಿವೈಸ್ ವಿಷಯ, ನನಗೆ ಸಂಬಂಧ ಇಲ್ಲ’ ಅಂತ ಕ್ಯೂಎಮು ಅನ್ನೋ ಮಾಮೂಲಿ ಪ್ರೋಗ್ರಾಮಿಗೆ ದಾಟಿಸುತ್ತೆ. ಕ್ಯೂಎಮು ಆ ಅಕ್ಷರವನ್ನ ನಿಮ್ಮ ಟರ್ಮಿನಲ್ಲಲ್ಲಿ ತೋರಿಸಿ, ‘ಹೂಂ, ಮುಂದುವರಿಸು’ ಅಂತ ಕರ್ನಲ್‌ಗೆ ವಾಪಸ್ ಹೇಳುತ್ತೆ. ಟೈಮರ್, ಇಂಟರಪ್ಟ್ ತರಹದ ಅರ್ಜೆಂಟ್ ಕೆಲಸಗಳನ್ನ ಮಾತ್ರ ಕೆವಿಎಂ ಕರ್ನಲ್ ಒಳಗೇ ಮುಗಿಸಿಬಿಡುತ್ತೆ, ಹೊರಗೆ ಬರೋದೇ ಇಲ್ಲ.

ಹಾಗಾಗಿ ಕೆವಿಎಂ ಲೋಡ್ ಆದಾಗ ಲಿನಕ್ಸ್ ಕರ್ನಲ್ಲೇ ಹೈಪರ್‌ವೈಸರ್ ಆಗುತ್ತೆ. ಹಾರ್ಡ್‌ವೇರ್ ಮೇಲೆ ನೇರ ಕೂತಿರೋದರಿಂದ ಟೈಪ್-1, ಆದರೆ ಅದೇ ಕರ್ನಲ್ ನಿಮ್ಮ ಬ್ರೌಸರನ್ನೂ ಓಡಿಸ್ತಿರೋದರಿಂದ ಟೈಪ್-2. ಪರೀಕ್ಷೆಗೆ ಮಾತ್ರ ನಿಮ್ಮ ಮಿಸ್ ಏನು ಹೇಳಿದಾರೋ ಅದನ್ನೇ ಬರೀರಿ, ಪಾಸಾಗೋದು ಮುಖ್ಯ.

ಪ್ರಶ್ನೆ: ವಿಎಂಗೆ 4 ಜಿಬಿ ರ‍್ಯಾಮ್ ಕೊಟ್ಟಿದೀನಿ, ಆದ್ರೆ ಹೋಸ್ಟಲ್ಲಿ ನೋಡಿದ್ರೆ ಒಂದು ಜಿಬಿ ಚಿಲ್ಲರೆ ಮಾತ್ರ ಖರ್ಚಾಗಿದೆ. ಸ್ವಲ್ಪ ಹೊತ್ತಾದ್ಮೇಲೆ ಪೂರ್ತಿ ತಿಂದುಬಿಡುತ್ತೆ, ವಿಎಂ ಒಳಗೆ ಎಲ್ಲಾ ಮುಚ್ಚಿದ್ರೂ ವಾಪಸ್ ಬರಲ್ಲ. ಇದೇನು ಕಥೆ? (ಓದುಗರು, ದಾವಣಗೆರೆ)

ಉತ್ತರ: ಹೋಸ್ಟ್ ಲಿನಕ್ಸ್‌ನ ಕಣ್ಣಿಗೆ ನಿಮ್ಮ ವಿಎಂ ಒಂದು ಮಾಮೂಲಿ ಪ್ರೋಸೆಸ್ಸು, ಅದರ ಪ್ರತಿ ವರ್ಚುವಲ್ ಸಿಪಿಯು ಒಂದು ಥ್ರೆಡ್ಡು, ಅಷ್ಟೇ. ಟಾಪ್ ಕಮಾಂಡ್ ಹಾಕಿದ್ರೆ ಫೈರ್‌ಫಾಕ್ಸ್ ಪಕ್ಕದಲ್ಲೇ ಕೂತಿರುತ್ತೆ, ಬೇಕಾದ್ರೆ ಕಿಲ್ ಕೂಡ ಮಾಡ್ಬಹುದು (ಮಾಡ್ಬೇಡಿ, ಒಳಗಿರೋ ಓಎಸ್‌ಗೆ ಅದು ಕರೆಂಟ್ ಹೋದಂಗೆ). ಪ್ರೋಸೆಸ್ಸು ಮೆಮೊರಿ ಕೇಳಿದಾಗ ಲಿನಕ್ಸ್ ‘ಆಯ್ತು’ ಅಂತ ಹೇಳುತ್ತೆ ಅಷ್ಟೇ, ನಿಜವಾದ ಪೇಜ್ (ಮೆಮೊರಿಯ ಒಂದು ತುಂಡು) ಕೊಡೋದು ಅದನ್ನ ಮುಟ್ಟಿದಾಗ. ಗೆಸ್ಟು ಬೂಟ್ ಆದಾಗ ಸ್ವಲ್ಪ ಮುಟ್ಟಿರುತ್ತೆ, ಆಮೇಲೆ ಫೈಲ್ ಓದ್ತಾ ಓದ್ತಾ ಕ್ಯಾಶ್ ಮಾಡ್ಕೊಂಡು 4 ಜಿಬಿ ಪೂರ್ತಿ ಮುಟ್ಟಿಬಿಡುತ್ತೆ. ಒಳಗೆ ಖಾಲಿ ಆಯ್ತು ಅನ್ನೋದು ಹೋಸ್ಟ್‌ಗೆ ಗೊತ್ತಾಗೋದು ಹೇಗೆ ಹೇಳಿ? ಅದನ್ನ ಹೇಳೋಕೇ ಬಲೂನ್ ಅನ್ನೋ ಡ್ರೈವರ್ ಇರೋದು. ಹೋಸ್ಟ್ ಕಡೆಯಿಂದ ಬಲೂನ್ ಉಬ್ಬಿಸಿದ್ರೆ ಗೆಸ್ಟ್ ಒಳಗಿನ ಡ್ರೈವರು ಅಷ್ಟು ಪೇಜ್ ಹಿಡ್ಕೊಂಡು, ಇದು ನನಗೆ ಬೇಡ ಅಂತ ಹೊರಗೆ ಬಿಟ್ಟುಕೊಡುತ್ತೆ.

ಇನ್ನೊಂದು, 2009ರ ಕೊನೇಲಿ 2.6.32 ಕರ್ನಲ್ ಜೊತೆ ಬಂದ ಕೆಎಸ್‌ಎಂ. ಒಂದೇ ತರಹದ ಮೂರ್ನಾಲ್ಕು ವಿಎಂ ಓಡಿಸ್ತಿದ್ರೆ ಅವುಗಳ ಮೆಮೊರೀಲಿ ಸೇಮ್ ಟು ಸೇಮ್ ಇರೋ ಪೇಜ್‌ಗಳನ್ನ ಹುಡುಕಿ ಒಂದೇ ಪ್ರತಿ ಇಟ್ಕೊಳ್ಳುತ್ತೆ, ಯಾರಾದ್ರೂ ತಿದ್ದಿದ್ರೆ ಆಗ ಅವರಿಗೆ ಬೇರೆ ಕಾಪಿ ಕೊಡುತ್ತೆ. ಹುಡುಕೋಕೆ ಸಿಪಿಯು ಸ್ವಲ್ಪ ತಿನ್ನುತ್ತೆ. ಮನೆ ಲ್ಯಾಪ್‌ಟಾಪಲ್ಲಿ ಓಕೆ, ಒಬ್ಬರಿಗೊಬ್ಬರು ಸಂಬಂಧ ಇಲ್ಲದ ಗಿರಾಕಿಗಳ ವಿಎಂ ಇರೋ ಸರ್ವರ್‌ನಲ್ಲಿ ಆಫ್ ಮಾಡಿಡಿ, ಯಾಕಂದ್ರೆ ಪೇಜ್ ಬರೆಯೋಕೆ ಎಷ್ಟು ಹೊತ್ತು ಹಿಡೀತು ಅನ್ನೋದನ್ನ ಅಳೆದು ಪಕ್ಕದ ವಿಎಂನಲ್ಲಿ ಏನಿದೆ ಅಂತ ಊಹೆ ಮಾಡೋ ದಾರಿಗಳಿವೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡು ಉಬುಂಟು ಹಾಕಿದೆ. ವರ್ಟ್ ಮ್ಯಾನೇಜರಲ್ಲಿ (ವಿಎಂ ಮಾಡಿ ನೋಡ್ಕೊಳ್ಳೋ ಪ್ರೋಗ್ರಾಮು) ವಿಎಂ ಮಾಡಿದ್ರೆ ಎಮ್ಮೆ ನಡಿಗೆ, ಮೌಸ್ ಕೂಡ ಅಲ್ಲಾಡಲ್ಲ. ರ‍್ಯಾಮ್ ಹಾಕಿಸ್ಬೇಕಾ? (ಓದುಗರು, ಹುಬ್ಬಳ್ಳಿ)

ಉತ್ತರ: ದುಡ್ಡು ಖರ್ಚು ಮಾಡೋಕೆ ಮುಂಚೆ ಒಂದು ನಿಮಿಷ. ನೀವು ಹೇಳೋ ಲಕ್ಷಣ ನೋಡಿದ್ರೆ ಕೆವಿಎಂ ಕೆಲಸಾನೇ ಮಾಡ್ತಿಲ್ಲ ಅನ್ಸುತ್ತೆ. ಕ್ಯೂಎಮು 2003ರಲ್ಲಿ ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ಡ್ ಶುರು ಮಾಡಿದ್ದು, ಕೆವಿಎಂಗಿಂತ ಹಳೇದು, ಮತ್ತೆ ಕೆವಿಎಂ ಇಲ್ಲದೆಯೂ ಓಡುತ್ತೆ. ಆಗ ಗೆಸ್ಟ್‌ನ ಇನ್‌ಸ್ಟ್ರಕ್ಷನ್‌ಗಳನ್ನ ಸಾಫ್ಟ್‌ವೇರಲ್ಲೇ ಅನುವಾದ ಮಾಡ್ಕೊಂಡು ಓಡಿಸುತ್ತೆ, ಇದಕ್ಕೆ ಟಿಸಿಜಿ ಅಂತ ಹೆಸರು. ಎಆರ್‌ಎಂ ಪ್ರೋಗ್ರಾಮನ್ನ ಇಂಟೆಲ್ ಮೇಲೆ ಓಡಿಸೋಕೆ ಇದು ಬೇಕೇಬೇಕು, ಆದ್ರೆ ವಿಂಡೋಸ್ ಓಡಿಸಿದ್ರೆ ಕಣ್ಣೀರು ಬರುತ್ತೆ.

ವಿಎಂನ ಡೀಟೇಲ್ಸ್ ಪೇಜಲ್ಲಿ ಹೈಪರ್‌ವೈಸರ್ ಅನ್ನೋ ಕಡೆ ಕೆವಿಎಂ ಅಂತಿದೆಯಾ, ಕ್ಯೂಎಮು ಟಿಸಿಜಿ ಅಂತಿದೆಯಾ ನೋಡಿ. ಎರಡನೇದಿದ್ರೆ, ಟರ್ಮಿನಲ್ಲಲ್ಲಿ ಎಲ್‌ಎಸ್‌ಸಿಪಿಯು ಕೊಟ್ಟು ಫ್ಲ್ಯಾಗ್ಸ್ ಸಾಲಲ್ಲಿ ವಿಎಂಎಕ್ಸ್ (ಇಂಟೆಲ್) ಅಥವಾ ಎಸ್‌ವಿಎಂ (ಎಎಂಡಿ) ಹುಡುಕಿ. ಡಿಮೆಸೇಜ್ ಅನ್ನೋ ಕರ್ನಲ್ ಲಾಗಲ್ಲಿ ‘ಡಿಸೇಬಲ್ಡ್ ಬೈ ಬಯೋಸ್’ ಅಂತೇನಾದ್ರೂ ಕಂಡ್ರೆ ಕಳ್ಳ ಸಿಕ್ಕ ಅಂತಾನೇ ಲೆಕ್ಕ. ಬಯೋಸ್‌ಗೆ ಹೋಗಿ ಇಂಟೆಲ್ ಆದ್ರೆ ವರ್ಚುವಲೈಸೇಶನ್ ಟೆಕ್ನಾಲಜಿ, ಎಎಂಡಿ ಆದ್ರೆ ಎಸ್‌ವಿಎಂ ಮೋಡ್ ಆನ್ ಮಾಡಿ. ಕೆಲವು ಎಎಂಡಿ ಬೋರ್ಡ್‌ಗಳಲ್ಲಿ ಇದನ್ನ ಓವರ್‌ಕ್ಲಾಕಿಂಗ್ ಮೆನು ಒಳಗೆ ಬಚ್ಚಿಟ್ಟಿರ್ತಾರೆ, ಯಾಕೋ ಆ ಪರಮಾತ್ಮನಿಗೇ ಗೊತ್ತು. ಉಬುಂಟುವಲ್ಲಿ ಕೆವಿಎಂ-ಓಕೆ ಅನ್ನೋ ಸಣ್ಣ ಕಮಾಂಡೂ ಇದೆ, ಸಿಪಿಯು ಚೆಕ್ಕರ್ ಪ್ಯಾಕೇಜ್ ಹಾಕ್ಕೊಂಡ್ರೆ ಸಿಗುತ್ತೆ, ಅದು ಸೀದಾ ಹೌದು ಅಥವಾ ಇಲ್ಲ ಅಂತ ಹೇಳಿಬಿಡುತ್ತೆ. ಎಲ್ಲಾ ಸರಿ ಇದ್ದೂ ಪರ್ಮಿಶನ್ ಡಿನೈಡ್ ಅಂತ ಬಂದ್ರೆ ನಿಮ್ಮ ಯೂಸರನ್ನ ಕೆವಿಎಂ ಗ್ರೂಪಿಗೂ ಲಿಬ್‌ವರ್ಟ್ ಗ್ರೂಪಿಗೂ ಸೇರಿಸಿ, ಲಾಗೌಟ್ ಮಾಡಿ ಬನ್ನಿ. ಲಾಗೌಟ್ ಮಾಡೋದನ್ನ ಮರೆತು ಗಂಟೆಗಟ್ಲೆ ತಲೆ ಕೆಡಿಸ್ಕೊಳ್ಳೋರೇ ಜಾಸ್ತಿ.

ಪ್ರಶ್ನೆ: ವರ್ಚುವಲ್‌ಬಾಕ್ಸ್ ಅನ್ನೋ ಹೈಪರ್‌ವೈಸರ್ ಚೆನ್ನಾಗೇ ಓಡ್ತಿತ್ತು, ಡೆಬಿಯನ್ 13ಕ್ಕೆ ಅಪ್‌ಗ್ರೇಡ್ ಮಾಡಿದ್ಮೇಲೆ ವಿಟಿ-ಎಕ್ಸ್ (ಇಂಟೆಲ್ ಪ್ರೊಸೆಸರ್‌ನ ವರ್ಚುವಲೈಸೇಶನ್ ಸೌಲಭ್ಯ) ಬೇರೆ ಯಾರೋ ಬಳಸ್ತಿದಾರೆ ಅನ್ನೋ ತರಹ ಎರರ್. ಬೇರೆ ಯಾರೂ ಇಲ್ವಲ್ಲ! (ಓದುಗರು, ಉಡುಪಿ)

ಉತ್ತರ: ಇದ್ದಾರೆ, ಕೆವಿಎಂ. ಪ್ರೊಸೆಸರ್‌ನ ಆ ಮೋಡನ್ನ ಒಂದು ಹೊತ್ತಲ್ಲಿ ಒಬ್ಬರೇ ಹಿಡ್ಕೊಳ್ಳೋಕಾಗೋದು. ಮುಂಚೆ ಕೆವಿಎಂ ಮಾಡ್ಯೂಲ್ ಲೋಡ್ ಆಗಿದ್ರೂ ಮೊದಲ ವಿಎಂ ಶುರು ಆಗೋವರೆಗೆ ಸುಮ್ನಿರ್ತಿತ್ತು, 6.12 ಕರ್ನಲ್‌ನಿಂದ ಲೋಡ್ ಆಗ್ತಿದ್ದಂಗೇ ಹಿಡ್ಕೊಂಡುಬಿಡುತ್ತೆ. ಡೆಬಿಯನ್ 13ರಲ್ಲಿ ಇರೋದು ಅದೇ 6.12. ಕೆವಿಎಂ ಇಂಟೆಲ್ (ಅಥವಾ ಕೆವಿಎಂ ಎಎಂಡಿ) ಮಾಡ್ಯೂಲನ್ನ ಮಾಡ್‌ಪ್ರೋಬ್ ಮೈನಸ್ ಆರ್ ಕೊಟ್ಟು ಇಳಿಸಿ ನೋಡಿ, ಸರಿಹೋಗುತ್ತೆ. ಶಾಶ್ವತವಾಗಿ ಬೇಕಂದ್ರೆ ಗ್ರಬ್‌ನ (ಲಿನಕ್ಸ್ ಬೂಟ್ ಮಾಡಿಸೋ ಪ್ರೋಗ್ರಾಮು) ಸಾಲಿನಲ್ಲಿ ಕೆವಿಎಂ ಡಾಟ್ ಎನೇಬಲ್, ವರ್ಟ್, ಅಟ್, ಲೋಡ್ (ನಾಲ್ಕರ ಮಧ್ಯೆ ಅಂಡರ್‌ಸ್ಕೋರ್) ಈಕ್ವಲ್ಸ್ ಸೊನ್ನೆ ಅಂತ ಸೇರಿಸಿ. ನನ್ನನ್ನ ಕೇಳಿದ್ರೆ, ಕರ್ನಲ್ ಜೊತೇಲೇ ಬಂದಿರೋದನ್ನ ಇಳಿಸಿ ಹೊರಗಿನ ಮಾಡ್ಯೂಲ್ ಹಾಕೋ ಬದಲು ವಿಎಂಗಳನ್ನೇ ಕೆವಿಎಂಗೆ ತಂದ್ಕೊಳ್ಳಿ, ಪ್ರತಿ ಅಪ್‌ಡೇಟಲ್ಲೂ ಈ ಗೋಳು ತಪ್ಪುತ್ತೆ.

ಪ್ರಶ್ನೆ: ನಾನು ರಿಟೈರ್ಡ್ ಸಿಸ್ಟಮ್ಸ್ ಆಫೀಸರ್. ನಮ್ಮ ಕಾಲದಲ್ಲಿ ಝೆನ್ ಝೆನ್ ಅಂತ ಎಲ್ಲರೂ ಕುಣೀತಿದ್ರು. ಈಗ ಹೆಸರೇ ಕೇಳಲ್ಲ. ಏನಾಯ್ತು? (ಓದುಗರು, ಮೈಸೂರು)

ಉತ್ತರ: ಸರ್, ಝೆನ್ ಅನ್ನೋ ಆ ಹೈಪರ್‌ವೈಸರ್ ಸತ್ತಿಲ್ಲ, ಸದ್ದು ಕಮ್ಮಿ ಆಗಿದೆ ಅಷ್ಟೇ. ಕೇಂಬ್ರಿಡ್ಜ್ ಯೂನಿವರ್ಸಿಟೀಲಿ ಇಯನ್ ಪ್ರ್ಯಾಟ್, ಕಿಯರ್ ಫ್ರೇಸರ್ ಮೊದಲಾದವರು ಮಾಡಿದ್ದು, 2003ರಲ್ಲಿ ಹೊರಗೆ ಬಂತು. ಆಗಿನ ಎಕ್ಸ್86 ಪ್ರೊಸೆಸರ್ ವರ್ಚುವಲೈಸೇಶನ್‌ಗೆ ಲಾಯಕ್ಕೇ ಇರಲಿಲ್ಲ. ಪಾಪ್‌ಎಫ್ ಅಂತ ಒಂದು ಇನ್‌ಸ್ಟ್ರಕ್ಷನ್ ಇದೆ, ಇಂಟರಪ್ಟ್ ಆನ್-ಆಫ್ ಮಾಡೋಕೆ ಕರ್ನಲ್‌ಗಳು ಬಳಸ್ತವೆ. ಅಧಿಕಾರ ಇಲ್ಲದ ಮೋಡಲ್ಲಿ ಅದನ್ನ ಓಡಿಸಿದ್ರೆ ಸಿಪಿಯು ಎರರ್ ಕೊಟ್ಟಿದ್ರೆ ಹೈಪರ್‌ವೈಸರ್ ಹಿಡ್ಕೊಂಡು ಸಂಭಾಳಿಸ್ತಿತ್ತು, ಆದ್ರೆ ಅದು ಎರರೂ ಕೊಡಲ್ಲ, ಕೆಲಸಾನೂ ಮಾಡಲ್ಲ, ಸುಮ್ನೆ ಮುಂದೆ ಹೋಗ್ತಾ ಇರುತ್ತೆ! ಇಂಥವು ಪೆಂಟಿಯಂನಲ್ಲಿ 17 ಇವೆ ಅಂತ 2000ದಲ್ಲೇ ಒಂದು ಅಧ್ಯಯನ ಎಣಿಸಿತ್ತು. ವಿಎಂವೇರ್ ಕಂಪನಿ ಇದಕ್ಕೆ ಗೆಸ್ಟ್ ಕರ್ನಲ್‌ನ ಕೋಡನ್ನ ಓಡ್ತಾ ಓಡ್ತಾನೇ ತಿದ್ದೋ ದಾರಿ ಹಿಡೀತು, ಝೆನ್‌ನವರು ಗೆಸ್ಟ್ ಓಎಸ್‌ನ ಸೋರ್ಸನ್ನೇ ಬದಲಾಯಿಸಿ, ಆ ಜಾಗಗಳಲ್ಲಿ ಹೈಪರ್‌ವೈಸರನ್ನ ನೇರವಾಗಿ ಕರೆಯೋ ಹಾಗೆ ಮಾಡಿದ್ರು. ಸೋರ್ಸ್ ಕೈಲಿರೋ ಲಿನಕ್ಸ್‌ಗೆ ಇದು ಹೊಂದಿತು, ವಿಂಡೋಸ್ ತಿದ್ದೋಕೆ ಯಾರು ಬಿಡ್ತಾರೆ?

ಸಿಪಿಯುನಲ್ಲೇ ಸೌಲಭ್ಯ ಬಂದ್ಮೇಲೆ ಆ ಜಾಣತನದ ಬೆಲೆ ಇಳೀತು. ಇನ್ನೊಂದು ತೊಡಕು, ಝೆನ್ ಅನ್ನೋದು ಲಿನಕ್ಸ್‌ನ ಕೆಳಗೆ ಕೂರೋ ಬೇರೆಯದೇ ಕರ್ನಲ್, ಡ್ರೈವರ್ ಕೆಲಸಕ್ಕೆ ಡಾಮ್-0 ಅಂತ ಒಂದು ಲಿನಕ್ಸನ್ನ ಮೇಲೆ ಇಟ್ಕೊಳ್ಳುತ್ತೆ. ಆ ಡಾಮ್-0ಗೆ ಬೇಕಾದ ಪ್ಯಾಚ್‌ಗಳು ವರ್ಷಗಟ್ಟಲೆ ಮುಖ್ಯ ಕರ್ನಲ್‌ನ ಹೊರಗೇ ಉಳಿದವು, ಡಿಸ್ಟ್ರೋದವರು (ಲಿನಕ್ಸನ್ನ ಕಟ್ಟಿ ಹಂಚೋರು) ಪ್ರತಿ ಸಲ ಹೊತ್ಕೊಂಡು ತಿರುಗ್ಬೇಕಿತ್ತು, 2011ರಲ್ಲಿ 3.0 ಬಂದಾಗ್ಲೇ ಒಳಗೆ ಸೇರಿದ್ದು. ಅಷ್ಟರಲ್ಲಿ ರೆಡ್ ಹ್ಯಾಟ್ 2010ರ ತನ್ನ ಲಿನಕ್ಸ್‌ನ ಆರನೇ ಆವೃತ್ತೀಲಿ ಝೆನ್ ಹೋಸ್ಟ್ ಕೈಬಿಟ್ಟು ಕೆವಿಎಂ ಹಿಡಿದಾಗಿತ್ತು. ಝೆನ್ ಮೇಲೇ ಶುರುವಾದ ಅಮೆಜಾನ್ ಕ್ಲೌಡ್ ಕೂಡ 2017ರ ಸಿ5 ಮಶೀನ್‌ಗಳಿಂದ ಕೆವಿಎಂ ಆಧಾರದ ನೈಟ್ರೋಗೆ ಹೊರಳಿತು. ನನ್ನ ಪ್ರಕಾರ ಝೆನ್ ಸೋತಿದ್ದು ತಾಂತ್ರಿಕವಾಗಿ ಅಲ್ಲ, ಕರ್ನಲ್ ಮನೆಯೊಳಗೆ ಬೇಗ ಕಾಲಿಡದೇ ಇದ್ದದ್ದಕ್ಕೆ. ಈಗಲೂ ಸೆಕ್ಯುರಿಟಿಗೆ ಹೆಸರಾದ ಕ್ಯೂಬ್ಸ್ ಓಎಸ್, ಸರ್ವರ್‌ಗೆ ಎಕ್ಸ್‌ಸಿಪಿ-ಎನ್‌ಜಿ ಅದರ ಮೇಲೇ ನಿಂತಿವೆ.

ಪ್ರಶ್ನೆ: ಡಾಕರ್ ಕೂಡ ಒಂದು ವಿಎಂ ತಾನೇ? (ಓದುಗರು, ತುಮಕೂರು)

ಉತ್ತರ: ಅಲ್ಲ. ಡಾಕರ್ ಕಂಟೇನರ್‌ಗಳು (ಪ್ರೋಗ್ರಾಮನ್ನ ಬೇಕಾದ್ದರ ಸಮೇತ ಬೇರೆಯಾಗಿ ಓಡಿಸೋ ಡಬ್ಬಿಗಳು) ವಠಾರದ ಮನೆಗಳಿದ್ದಂಗೆ, ಬಾಗಿಲು ಬೇರೆ ಬೇರೆ, ಆದ್ರೆ ನಲ್ಲಿ, ಬಾವಿ, ಮಾಲೀಕ ಎಲ್ಲಾ ಒಂದೇ. ಇಲ್ಲಿ ಆ ಮಾಲೀಕ ಅಂದ್ರೆ ಹೋಸ್ಟ್ ಕರ್ನಲ್. ವಿಎಂಗೆ ತನ್ನದೇ ಕರ್ನಲ್ ಇರುತ್ತೆ. ಅದಕ್ಕೇ ಕಂಟೇನರ್ ಒಳಗೆ ಯೂನೇಮ್ ಕೊಟ್ರೆ ಹೋಸ್ಟ್ ಕರ್ನಲ್‌ನ ವರ್ಶನ್ನೇ ಬರೋದು. ವಿಂಡೋಸ್, ಮ್ಯಾಕ್‌ನಲ್ಲಿ ಡಾಕರ್ ಡೆಸ್ಕ್‌ಟಾಪ್ ಲಿನಕ್ಸ್ ಕಂಟೇನರ್ ಓಡಿಸೋಕೆ ಹಿಂದುಗಡೆ ಸದ್ದಿಲ್ಲದೆ ಒಂದು ಲಿನಕ್ಸ್ ವಿಎಂ ಎಬ್ಬಿಸಿರುತ್ತೆ, ಈ ಗೊಂದಲ ಹುಟ್ಟಿದ್ದು ಅಲ್ಲಿಂದಾನೇ ಇರ್ಬೇಕು.

ಪ್ರಶ್ನೆ: ನಮ್ಮ ಆಫೀಸಲ್ಲಿ ದುಡ್ಡು ಕೊಟ್ಟು ತಗೊಂಡಿದ್ದ ಹೈಪರ್‌ವೈಸರ್ ಬಿಟ್ಟು ಪ್ರಾಕ್ಸ್‌ಮಾಕ್ಸ್‌ಗೆ ಹೋಗಿ ಅಂತ ಬಾಸ್ ಹೇಳಿದಾರೆ. ಟೆಸ್ಟ್‌ಗೆ ಒಂದು ವಿಂಡೋಸ್ ಸರ್ವರ್ ಡಿಸ್ಕ್ ತಂದು ಓಡಿಸಿದ್ರೆ ನೀಲಿ ಸ್ಕ್ರೀನ್, ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್. ಇದು ಆಗೋ ಹೋಗೋ ಮಾತಾ? (ಸಿಸ್ಟಮ್ ಅಡ್ಮಿನ್, ಬೆಂಗಳೂರು)

ಉತ್ತರ: ಆಗುತ್ತೆ, ಗಾಬರಿ ಬೇಡ. ಪ್ರಾಕ್ಸ್‌ಮಾಕ್ಸ್ ಅಂದ್ರೆ ಡೆಬಿಯನ್, ಕೆವಿಎಂ, ಕ್ಯೂಎಮು, ಅದರ ಮೇಲೊಂದು ಒಳ್ಳೇ ವೆಬ್ ಪೇಜ್. ವಿಯೆನ್ನಾದ ಕಂಪನಿಯದು, 2008ರಿಂದ ಇದೆ. ಲಾಗಿನ್ ಆದಾಗೆಲ್ಲ ಸಬ್‌ಸ್ಕ್ರಿಪ್ಶನ್ ಇಲ್ಲ ಅಂತ ಒಂದು ಬಾಕ್ಸ್ ಬರುತ್ತೆ, ಓಕೆ ಒತ್ತಿದ್ರೆ ಮುಗೀತು. ಆದ್ರೆ ಕಂಪನಿ ಕೆಲಸಕ್ಕೆ ಅಂದ್ರೆ ಸಬ್‌ಸ್ಕ್ರಿಪ್ಶನ್ ತಗೊಳ್ಳಿ ಅಂತಾನೇ ನಾನು ಹೇಳೋದು, ಚೆನ್ನಾಗಿ ಪರೀಕ್ಷೆ ಆದ ಅಪ್‌ಡೇಟ್‌ಗಳು ಬರೋದು ಆ ರೆಪಾಸಿಟರೀಲಿ.

ನೀಲಿ ಸ್ಕ್ರೀನಿಗೆ ಕಾರಣ ವರ್ಟಿಯೋ. ಅಸಲಿ ಡಿಸ್ಕ್ ಕಂಟ್ರೋಲರ್ ತರಹ ನಾಟಕ ಆಡಿದ್ರೆ ಪ್ರತಿ ಓದು-ಬರಹಕ್ಕೂ ಹಲವು ಸಲ ವಿಎಂ ಎಕ್ಸಿಟ್ ಆಗುತ್ತೆ, ನಿಧಾನ. ಅದಕ್ಕೇ ಆಸ್ಟ್ರೇಲಿಯಾದ ರಸ್ಟಿ ರಸೆಲ್, ಗೆಸ್ಟಿಗೂ ತಾನು ವಿಎಂ ಒಳಗಿದೀನಿ ಅಂತ ಗೊತ್ತಿರ್ಲಿ, ಇಬ್ಬರೂ ಹಂಚ್ಕೊಂಡ ಮೆಮೊರೀಲಿ ಒಂದು ಕ್ಯೂ ಇಟ್ಕೊಂಡು ಕೆಲಸಗಳನ್ನ ಗುಂಪಾಗಿ ದಾಟಿಸ್ಲಿ ಅಂತ ಈ ವ್ಯವಸ್ಥೆ ಮಾಡಿದ್ರು, 2008ರ ಜನವರೀಲಿ 2.6.24 ಕರ್ನಲ್ ಜೊತೆ ಬಂತು. ಲಿನಕ್ಸ್ ಗೆಸ್ಟಲ್ಲಿ ಡ್ರೈವರ್ ಮೊದಲೇ ಇರುತ್ತೆ, ವಿಂಡೋಸಲ್ಲಿ ಇರಲ್ಲ, ಹಾಗಾಗಿ ಬೂಟ್ ಡಿಸ್ಕೇ ಅದಕ್ಕೆ ಕಾಣಲ್ಲ.

ಮಾಡ್ಬೇಕಾದ್ದು: ಮೊದಲು ಡಿಸ್ಕನ್ನ ಸಾಟಾ (ಮಾಮೂಲಿ ಡಿಸ್ಕ್ ಸಂಪರ್ಕ) ಅಂತ ಹಾಕಿ ಬೂಟ್ ಮಾಡಿ, ವಿಂಡೋಸ್ ಎದ್ದೇಳುತ್ತೆ. ಆಮೇಲೆ ಒಂದು ಜಿಬಿಯ ಖಾಲಿ ಡಿಸ್ಕನ್ನ ವರ್ಟಿಯೋ ಸ್ಕಸಿ ಆಗಿ ಸೇರಿಸಿ, ವರ್ಟಿಯೋ-ವಿನ್ ಐಎಸ್‌ಓ ಹಾಕಿ ಡ್ರೈವರ್ ಇನ್‌ಸ್ಟಾಲ್ ಮಾಡಿ, ಖಾಲಿ ಡಿಸ್ಕ್ ಡಿವೈಸ್ ಮ್ಯಾನೇಜರಲ್ಲಿ ಕಂಡ್ಮೇಲೆ ಶಟ್‌ಡೌನ್ ಮಾಡಿ, ಅದನ್ನ ತೆಗೆದು, ಬೂಟ್ ಡಿಸ್ಕನ್ನ ಸಾಟಾದಿಂದ ಸ್ಕಸಿಗೆ ಬದಲಾಯಿಸಿ. ಬೂಟ್ ಆರ್ಡರ್ ಸರಿ ಮಾಡೋದು ಮರೀಬೇಡಿ. ಹಳೇ ವಿಎಂ ಯುಇಎಫ್‌ಐ (ಬಯೋಸ್‌ನ ಹೊಸ ರೂಪ) ಆಗಿದ್ರೆ ಇಲ್ಲೂ ಯುಇಎಫ್‌ಐ ಇರ್ಬೇಕು. ಇನ್ನೊಂದು ವಿಷಯ ಬಾಸ್‌ಗೆ ಮೊದಲೇ ಹೇಳಿಡಿ, ಎರಡೇ ಸರ್ವರ್ ಇಟ್ಕೊಂಡು ಕ್ಲಸ್ಟರ್ ಮಾಡಿದ್ರೆ ಒಂದು ಬಿದ್ದಾಗ ಇನ್ನೊಂದಕ್ಕೆ ಬಹುಮತ ಇರಲ್ಲ, ಹೊಸದಾಗಿ ವಿಎಂ ಸ್ಟಾರ್ಟ್ ಮಾಡೋಕೂ ಬಿಡಲ್ಲ. ಮೂರನೇ ಓಟಿಗೆ ಒಂದು ಸಣ್ಣ ಮಶೀನ್ ಇರ್ಲಿ.

ಪ್ರಶ್ನೆ: ವಿಎಂ ಒಳಗೆ ವೈರಸ್ ಬಿಟ್ಟು ಆಟ ಆಡಿದ್ರೆ ಹೋಸ್ಟಿಗೆ ಬರಲ್ಲ ಅಲ್ವಾ? (ಓದುಗರು, ಕಲಬುರಗಿ)

ಉತ್ತರ: ಸಾಮಾನ್ಯವಾಗಿ ಬರಲ್ಲ, ಆದ್ರೆ ಗ್ಯಾರಂಟಿ ಬರೆದುಕೊಡೋಕಾಗಲ್ಲ. 2015ರಲ್ಲಿ ವೆನಮ್ ಅನ್ನೋ ದೋಷ ಸಿಕ್ತು. ಎಲ್ಲಿ ಅಂತೀರಾ, ಕ್ಯೂಎಮುವಿನ ಫ್ಲಾಪಿ ಕಂಟ್ರೋಲರ್ ಕೋಡಲ್ಲಿ! 2004ರಿಂದ ಅಲ್ಲೇ ಕೂತಿತ್ತು. ಫ್ಲಾಪಿ ಯಾರೂ ಬಳಸ್ತಿರಲಿಲ್ಲ, ಆದ್ರೂ ಆ ಕೋಡು ಗೆಸ್ಟ್ ಕೈಗೆ ಸಿಗ್ತಿತ್ತು, ಕ್ಯೂಎಮು ಕೋಡ್ ಎರವಲು ತಗೊಂಡಿದ್ದ ಝೆನ್, ವರ್ಚುವಲ್‌ಬಾಕ್ಸ್‌ಗೂ ಅದೇ ಗತಿ. ಗೆಸ್ಟ್‌ನಿಂದ ತಪ್ಪಿಸಿಕೊಂಡ ದಾಳಿಕೋರ ಮೊದಲು ಬಂದು ಬೀಳೋದು ಕ್ಯೂಎಮು ಪ್ರೋಸೆಸ್ಸಿನೊಳಗೆ, ಅದಕ್ಕೇ ಫೆಡೋರಾದಲ್ಲಿ ಎಸ್‌ಇ ಲಿನಕ್ಸ್, ಉಬುಂಟುವಲ್ಲಿ ಆಪ್‌ಆರ್ಮರ್ ಆ ಪ್ರೋಸೆಸ್ಸಿಗೆ ಬೇಲಿ ಹಾಕಿರ್ತವೆ, ಅದನ್ನ ಆಫ್ ಮಾಡ್ಬೇಡಿ. ಅಮೆಜಾನ್ 2018ರಲ್ಲಿ ಬಿಟ್ಟ ಫೈರ್‌ಕ್ರ್ಯಾಕರ್ ಈ ಪಾಠ ಕಲಿತಂಗಿದೆ: ಅದೇ ಕೆವಿಎಂ, ಆದ್ರೆ ಕ್ಯೂಎಮು ಬದಲು ರಸ್ಟ್‌ನಲ್ಲಿ ಬರೆದ ಪುಟ್ಟ ಪ್ರೋಗ್ರಾಮು, ಬೆರಳೆಣಿಕೆ ಡಿವೈಸ್‌ಗಳು ಮಾತ್ರ. ಅದರ ಕೀಬೋರ್ಡ್ ಕಂಟ್ರೋಲರ್ ಇರೋದೇ ವಿಎಂ ನಿಲ್ಲಿಸೋಕೆ.

ನಿಮ್ಮ ಮಟ್ಟಿಗೆ, ಶೇರ್ಡ್ ಫೋಲ್ಡರ್, ಕ್ಲಿಪ್‌ಬೋರ್ಡ್ ಎರಡೂ ಬಂದ್ ಮಾಡಿ, ನೆಟ್‌ವರ್ಕ್ ಬ್ರಿಡ್ಜ್ ಮಾಡ್ಬೇಡಿ, ಸ್ನ್ಯಾಪ್‌ಶಾಟ್ ತಗೊಳ್ಳಿ. ಹೈಪರ್‌ವೈಸರ್ ಬಗ್‌ಗಿಂತ ಈ ಫೋಲ್ಡರ್ ದಾರೀಲೇ ಜಾಸ್ತಿ ಅನಾಹುತ ಆಗೋದು.

ಪ್ರಶ್ನೆ: ಮೊಬೈಲಲ್ಲಿ ಇದೆಲ್ಲ ಇದೆಯಾ? (ಓದುಗರು, ಮಂಡ್ಯ)

ಉತ್ತರ: ಇದೆ. ಎಆರ್‌ಎಂಗೆ ಕೆವಿಎಂ ಬಂದಿದ್ದು 2013ರಲ್ಲಿ. ಆಂಡ್ರಾಯ್ಡ್ 13ರಿಂದ ಪಿಕೆವಿಎಂ ಅಂತ ಒಂದು ರೂಪ ಇದೆ, ಅದರಲ್ಲಿ ಗೆಸ್ಟ್‌ನ ಮೆಮೊರಿಯನ್ನ ಹೋಸ್ಟ್ ಆಂಡ್ರಾಯ್ಡ್ ಕರ್ನಲ್ ಕೂಡ ಇಣುಕಿ ನೋಡೋಕಾಗಲ್ಲ. ಎಲ್ಲಾ ಫೋನಲ್ಲೂ ಸಿಗಲ್ಲ, ತಯಾರಕರು ಆನ್ ಮಾಡಿರ್ಬೇಕು.

ಪ್ರಶ್ನೆ: ಕೆವಿಎಂ ಒಳಗೆ ಹೇಗಿದೆ ಅಂತ ಕೋಡ್ ಓದಿ ಕಲೀಬೇಕು, ಸಿ ಬರುತ್ತೆ. ಎಲ್ಲಿಂದ ಶುರು ಮಾಡ್ಲಿ? (ಓದುಗರು, ಶಿವಮೊಗ್ಗ)

ಉತ್ತರ: ಕರ್ನಲ್ ಸೋರ್ಸಿಗೆ ಸೀದಾ ಧುಮುಕ್ಬೇಡಿ, ಕಳೆದುಹೋಗ್ತೀರಿ. ಮೊದಲು ಹೊರಗಡೆಯಿಂದ ಬನ್ನಿ, ಕ್ಯೂಎಮು ಇಲ್ಲದೆ ನೀವೇ ಒಂದು ವಿಎಂ ಎಬ್ಬಿಸಿ. ಡೆವ್ ಡೈರೆಕ್ಟರೀಲಿರೋ ಕೆವಿಎಂ ಫೈಲನ್ನ ಓಪನ್ ಮಾಡಿ, ಐಆಕ್ಟಲ್ (ಕರ್ನಲ್‌ಗೆ ಕೆಲಸ ಹೇಳೋ ಕರೆ) ಮೂಲಕ ಒಂದು ವಿಎಂ ಕೇಳಿ, ಎಂಮ್ಯಾಪ್‌ನಲ್ಲಿ ಒಂದು ಪೇಜ್ ಮೆಮೊರಿ ತಗೊಂಡು ಅದನ್ನ ಗೆಸ್ಟ್‌ನ ರ‍್ಯಾಮ್ ಅಂತ ಜೋಡಿಸಿ, ಅದರೊಳಗೆ ಎರಡು ಸಂಖ್ಯೆ ಕೂಡಿಸಿ ಸೀರಿಯಲ್ ಪೋರ್ಟ್‌ಗೆ ಬರೆದು ಹಾಲ್ಟ್ ಆಗೋ ನಾಲ್ಕಾರು ಬೈಟ್ ಮಶೀನ್ ಕೋಡ್ ಹಾಕಿ. ಆಮೇಲೆ ಒಂದು ವಿಸಿಪಿಯು (ವರ್ಚುವಲ್ ಸಿಪಿಯು) ಮಾಡಿ, ರಿಜಿಸ್ಟರ್‌ಗಳನ್ನ ತುಂಬಿ, ಕೆವಿಎಂ ರನ್ ಅನ್ನೋ ಐಆಕ್ಟಲನ್ನ ಒಂದು ಲೂಪಲ್ಲಿ ಕರೀರಿ. ಪ್ರತಿ ಸಲ ವಾಪಸ್ ಬಂದಾಗ ಯಾಕೆ ಬಂದೆ ಅಂತ ಎಕ್ಸಿಟ್ ಕಾರಣ ನೋಡಿ, ಐಓ ಆದ್ರೆ ಅಕ್ಷರ ಪ್ರಿಂಟ್ ಮಾಡಿ, ಹಾಲ್ಟ್ ಆದ್ರೆ ಲೂಪ್ ಬಿಟ್ಟು ಹೊರಗೆ ಬನ್ನಿ. ನೂರಿನ್ನೂರು ಸಾಲಲ್ಲಿ ಮುಗಿಯುತ್ತೆ. ಜಾಸ್ತಿ ಜನ ಸಿಕ್ಕಿಹಾಕ್ಕೊಳ್ಳೋದು ಕೋಡ್ ಸೆಗ್ಮೆಂಟ್‌ನಲ್ಲಿ: ವಿಸಿಪಿಯು ಹುಟ್ಟೋದು ರೀಸೆಟ್ ಸ್ಥಿತೀಲಿ, ಆಗ ಅದರ ಬೇಸ್ ಮೆಮೊರಿಯ ಎಲ್ಲೋ ಮೇಲುಗಡೆ ಇರುತ್ತೆ, ಅದನ್ನ ಸೊನ್ನೆ ಮಾಡದೆ ಬಿಟ್ರೆ ನಿಮ್ಮ ಕೋಡ್ ಇಲ್ಲದ ಜಾಗದಿಂದ ಓಡೋಕೆ ಹೋಗುತ್ತೆ.

ಇದಾದ್ಮೇಲೆ ಸೋರ್ಸಲ್ಲಿ ವರ್ಟ್ ಫೋಲ್ಡರ್‌ನ ಕೆವಿಎಂ ಮೇನ್ ಫೈಲ್ ತೆಗೀರಿ, ನೀವು ಕರೆದ ಐಆಕ್ಟಲ್‌ಗಳೇ ಅಲ್ಲಿ ಸಾಲಾಗಿ ಸಿಗ್ತವೆ, ಒಂದೊಂದನ್ನೇ ಹಿಡಿದು ಒಳಗೆ ಹೋಗಿ. ಪ್ರೋಗ್ರಾಮ್ ಬರೆಯುವಾಗ ಮೊದಲ ಕರೆ ಎಪಿಐ ವರ್ಶನ್ ಕೇಳೋದಾಗಿರ್ಲಿ, ಉತ್ತರ 12 ಅಂತ ಬರ್ಬೇಕು. ಬೇರೇನಾದ್ರೂ ಬಂದ್ರೆ ಮುಂದುವರೀಬೇಡಿ ಅಂತ ಕರ್ನಲ್ ಡಾಕ್ಯುಮೆಂಟೇಶನ್ನಲ್ಲೇ ಬರೆದಿದಾರೆ.